ನಮ್ಮ ಕಡತಗಳ ಮೇಲೆ ಯಾರ ಕೈ? ಲಿನಕ್ಸ್‌ನಲ್ಲಿ ಸಿಂಕ್ ತಂತ್ರಾಂಶದ ಸ್ಥಾಪನೆ, ಅಪ್‌ಡೇಟ್: ಒಂದು ಸಮೀಕ್ಷೆ

2018ರ ಆಗಸ್ಟ್‌ನಲ್ಲಿ ಡ್ರಾಪ್‌ಬಾಕ್ಸ್ ಬಳಸುತ್ತಿದ್ದ ಅನೇಕ ಲಿನಕ್ಸ್ ಬಳಕೆದಾರರಿಗೆ ಒಂದು ಸೂಚನೆ ಬಂತು. ಡ್ರಾಪ್‌ಬಾಕ್ಸ್ ಫೋಲ್ಡರ್ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್ ಮೇಲೆ ಇರದಿದ್ದರೆ ನವೆಂಬರ್ 7ರಿಂದ ಸಿಂಕ್ ನಿಲ್ಲುತ್ತದೆ ಎಂದು ಅದು ಹೇಳುತ್ತಿತ್ತು. ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್, ಝಡ್‌ಎಫ್‌ಎಸ್ ಇಟ್ಟುಕೊಂಡವರು ಡಿಸ್ಕಿನ ಒಂದು ಭಾಗವನ್ನು ಮತ್ತೆ ಫಾರ್ಮ್ಯಾಟ್ ಮಾಡಬೇಕು, ಇಲ್ಲವೇ ಬೇರೆ ಸೇವೆ ಹುಡುಕಿಕೊಳ್ಳಬೇಕು. ಕಡತಕ್ಕೆ ಅಂಟಿಕೊಂಡಿರುವ ವಿಸ್ತೃತ ಗುಣಲಕ್ಷಣಗಳು ತನ್ನ ಕೆಲಸಕ್ಕೆ ಬೇಕು ಎಂದು ಕಂಪನಿ ಕಾರಣ ಕೊಟ್ಟಿತು. ಆ ಸೌಲಭ್ಯ ಎಕ್ಸ್‌ಎಫ್‌ಎಸ್‌ನಲ್ಲೂ ಬಿಟಿಆರ್‌ಎಫ್‌ಎಸ್‌ನಲ್ಲೂ ಮೊದಲೇ ಇತ್ತು ಎಂದು ಬಲ್ಲವರು ತಕರಾರು ತೆಗೆದರು. 2019ರ ಜುಲೈನಲ್ಲಿ ಈ ಮೂರಕ್ಕೂ ಬೆಂಬಲ ಮರಳಿ ಬಂತು.

ಇಲ್ಲಿ ಬಳಕೆದಾರರು ತಮ್ಮ ಯಂತ್ರದಲ್ಲಿ ಏನನ್ನೂ ಬದಲಿಸಿರಲಿಲ್ಲ. ಪ್ರೋಗ್ರಾಂ ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಳ್ಳುತ್ತಿತ್ತು. ಹಳೆಯ ಆವೃತ್ತಿಯನ್ನೇ ಹಿಡಿದುಕೊಂಡು ಕೂರಲು ಅವರಿಗೆ ದಾರಿ ಇರಲಿಲ್ಲ. ಲಿನಕ್ಸ್ ಜಗತ್ತಿನಲ್ಲಿ ವರ್ಷಗಳಿಂದ ನಡೆಯುತ್ತಿರುವ ವಾದವೊಂದು ಈ ಘಟನೆಯಲ್ಲಿ ಎದ್ದು ಕಂಡಿತು: ನಮ್ಮ ಎಲ್ಲ ಕಡತಗಳನ್ನೂ ಓದುವ, ಬರೆಯುವ, ಅಳಿಸುವ ಅಧಿಕಾರವಿರುವ ಪ್ರೋಗ್ರಾಂ ಯಾರ ಕೈಯಿಂದ ಬರಬೇಕು, ಅದನ್ನು ಬದಲಿಸುವ ಹಕ್ಕು ಯಾರದು?

ಬ್ರೌಸರ್‌ಗೂ ಸಂಗೀತದ ಆಪ್‌ಗೂ ಕೇಳಬಹುದಾದ ಪ್ರಶ್ನೆ ಇದು, ನಿಜ. ಆದರೆ ಸಿಂಕ್ ತಂತ್ರಾಂಶಕ್ಕೆ ಬಂದಾಗ ತೂಕ ಬೇರೆ. ಸಂಗೀತದ ಆಪ್ ಕೆಟ್ಟರೆ ಹಾಡು ನಿಲ್ಲುತ್ತದೆ, ಅಷ್ಟೇ. ಸಿಂಕ್ ಪ್ರೋಗ್ರಾಂ ಕೆಟ್ಟರೆ ಒಂದು ಯಂತ್ರದಲ್ಲಿ ಆದ ತಪ್ಪನ್ನು ಅದು ನಿಷ್ಠೆಯಿಂದ ಉಳಿದೆಲ್ಲ ಯಂತ್ರಗಳಿಗೂ ಹಂಚುತ್ತದೆ.

ಆರ್‌ಸಿಂಕ್‌ನಿಂದ ಸದಾ ಎಚ್ಚರವಿರುವ ಪ್ರೋಗ್ರಾಂವರೆಗೆ

1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಆರ್‌ಸಿಂಕ್ ಹೊರತಂದರು. ಕಡತದಲ್ಲಿ ಬದಲಾದ ತುಣುಕುಗಳನ್ನಷ್ಟೇ ಕಳಿಸುವ ಅದರ ವಿಧಾನ ಮುಂದೆ ಬಂದ ಎಷ್ಟೋ ಸಿಂಕ್ ತಂತ್ರಾಂಶಗಳಿಗೆ ಬುನಾದಿಯಾಯಿತು. ಆದರೆ ಆರ್‌ಸಿಂಕ್ ನಾವು ಕರೆದಾಗ ಬಂದು, ಕೆಲಸ ಮುಗಿಸಿ ಹೋಗುವ ಪ್ರೋಗ್ರಾಂ. ಡಿಸ್ಟ್ರೊ, ಅಂದರೆ ಡೆಬಿಯನ್, ಉಬುಂಟುವಿನಂಥ ಲಿನಕ್ಸ್ ವಿತರಣೆ, ತನ್ನ ತಂತ್ರಾಂಶಗಳನ್ನು ಇಡುವ ಭಂಡಾರದಿಂದ ಅದು ಬರುತ್ತಿತ್ತು, ಸಿಸ್ಟಮ್ ಅಪ್‌ಡೇಟ್ ಆದಾಗ ಅದೂ ಆಗುತ್ತಿತ್ತು. ಅದನ್ನು ಎಲ್ಲಿಂದ ತರಬೇಕು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಬೆಂಜಮಿನ್ ಪಿಯರ್ಸ್ ಬಳಗ ಕಟ್ಟಿದ ಯುನಿಸನ್ ಎರಡೂ ಕಡೆಯ ಬದಲಾವಣೆಗಳನ್ನು ಹೊಂದಿಸುವ ಕೆಲಸಕ್ಕೆ ಕೈ ಹಾಕಿತು. ಆವೃತ್ತಿಯ ತೊಡಕು ಮೊದಲು ಬಿಸಿ ಮುಟ್ಟಿಸಿದ್ದು ಅಲ್ಲೇ. ಎರಡು ಯಂತ್ರಗಳ ಯುನಿಸನ್ ಆವೃತ್ತಿ ಹೊಂದಬೇಕಿತ್ತು. ಅದನ್ನು ಕಂಪೈಲ್ ಮಾಡಿದ ಓಕ್ಯಾಮಲ್ ಭಾಷೆಯ ಆವೃತ್ತಿಯೂ ಹೊಂದದಿದ್ದರೆ ಎರಡರ ನಡುವೆ ಮಾತುಕತೆ ಮುರಿದುಬೀಳುತ್ತಿತ್ತು. ಒಂದು ಯಂತ್ರದಲ್ಲಿ ಡೆಬಿಯನ್, ಇನ್ನೊಂದರಲ್ಲಿ ಉಬುಂಟು ಇಟ್ಟುಕೊಂಡವರು ಒಂದನ್ನು ಅಪ್‌ಡೇಟ್ ಮಾಡಿ ಕೈ ಸುಟ್ಟುಕೊಳ್ಳುತ್ತಿದ್ದರು. 2022ರ 2.52 ಆವೃತ್ತಿಯಲ್ಲಿ ಸಂವಹನದ ರೀತಿಯನ್ನೇ ಬದಲಿಸಿದ ಮೇಲೆ ಈ ಕಾಟ ತಗ್ಗಿತು.

2007ರಲ್ಲಿ ಶುರುವಾಗಿ ಮರುವರ್ಷ ಸಾರ್ವಜನಿಕರ ಕೈಗೆ ಬಂದ ಡ್ರಾಪ್‌ಬಾಕ್ಸ್ ಚಿತ್ರವನ್ನೇ ಬದಲಿಸಿತು. ಸಿಂಕ್ ಎಂದರೆ ಹಿನ್ನೆಲೆಯಲ್ಲಿ ಸದಾ ಎಚ್ಚರವಿದ್ದು, ದೂರದ ಸರ್ವರ್‌ನೊಂದಿಗೆ ಸದಾ ಮಾತಾಡುವ ಪ್ರೋಗ್ರಾಂ ಎಂದಾಯಿತು. 2009ರಲ್ಲಿ ಉಬುಂಟು ಒನ್ ಎಂಬ ಇಂಥದೇ ಸೇವೆ ಬಂತು, 2014ರ ಜೂನ್ 1ಕ್ಕೆ ಬಾಗಿಲು ಹಾಕಿತು. 2010ರ ಜನವರಿಯಲ್ಲಿ ಫ್ರಾಂಕ್ ಕಾರ್ಲಿಚೆಕ್, ಸ್ವಂತ ಸರ್ವರ್‌ನಲ್ಲೇ ಓಡಿಸಬಹುದಾದ ಓನ್‌ಕ್ಲೌಡ್ ಘೋಷಿಸಿದರು. 2016ರಲ್ಲಿ ಅದರಿಂದ ಕವಲೊಡೆದು ನೆಕ್ಸ್ಟ್‌ಕ್ಲೌಡ್ ಹುಟ್ಟಿತು. 2012ರಲ್ಲಿ ಗೂಗಲ್ ಡ್ರೈವ್ ಬಂದರೂ ಲಿನಕ್ಸ್‌ಗೆ ಅಧಿಕೃತ ಕ್ಲೈಂಟ್ ಬರಲೇ ಇಲ್ಲ; ಆ ಜಾಗವನ್ನು ಆರ್‌ಕ್ಲೋನ್, ಇನ್‌ಸಿಂಕ್‌ನಂಥವು ತುಂಬಿದವು. 2013ರ ಕೊನೆಗೆ ಸಿಂಕ್‌ಥಿಂಗ್ ಮೊದಲ ಬಾರಿ ಬಿಡುಗಡೆಯಾಯಿತು. ಅದರಲ್ಲಿ ನಡುವೆ ಕ್ಲೌಡ್ ಸರ್ವರ್ ಇಲ್ಲ; ಯಂತ್ರಗಳು ತಮ್ಮತಮ್ಮಲ್ಲೇ ಹೊಂದಿಕೊಳ್ಳುತ್ತವೆ.

ಸರ್ವರ್ ತನ್ನ ಪಾಡಿಗೆ ಮುಂದೆ ಓಡುತ್ತಿರುವಾಗ ನಮ್ಮ ಯಂತ್ರದ ಕ್ಲೈಂಟ್ ಎಷ್ಟು ಹಿಂದೆ ಉಳಿಯಬಹುದು ಎಂಬ ಪ್ರಶ್ನೆ ಆರ್‌ಸಿಂಕ್ ಕಾಲದಲ್ಲಿ ಇರಲೇ ಇಲ್ಲ. ಈ ಪ್ರಶ್ನೆಯ ಸುತ್ತಲೇ ಮುಂದಿನ ಪಂಥಗಳು ಬೆಳೆದವು.

ಡಿಸ್ಟ್ರೊ ಕೈಯಲ್ಲಿರಲಿ ಎನ್ನುವವರು

ಎಲ್ಲಕ್ಕಿಂತ ಹಳೆಯ ಪಂಥ ಇದು. ಡೆಬಿಯನ್, ಫೆಡೋರಾದಂಥ ಡಿಸ್ಟ್ರೊಗಳಲ್ಲಿ ಪ್ರತಿ ಪ್ಯಾಕೇಜಿಗೂ ಒಬ್ಬ ಪಾಲಕ ಇರುತ್ತಾನೆ, ಇಲ್ಲವೇ ಒಂದು ತಂಡ ಇರುತ್ತದೆ. ಬರೆದವರು ಕೊಟ್ಟ ಮೂಲವನ್ನು ಅವರು ನೋಡಿ, ಕಟ್ಟಿ, ಭಂಡಾರಕ್ಕೆ ಸೇರಿಸುತ್ತಾರೆ. ಡೆಬಿಯನ್‌ನಲ್ಲಿ ಭಂಡಾರದ ಸೂಚಿಪಟ್ಟಿಗೆ ಡಿಸ್ಟ್ರೊದ ಡಿಜಿಟಲ್ ಸಹಿ ಇರುತ್ತದೆ; ಅದರಲ್ಲಿ ಪ್ರತಿ ಪ್ಯಾಕೇಜಿನ ಬೆರಳಚ್ಚಿನಂಥ ಹ್ಯಾಶ್ ಇರುತ್ತದೆ. ದಾರಿಯಲ್ಲಿ ಯಾರಾದರೂ ಒಂದು ಬೈಟ್ ತಿದ್ದಿದರೂ ಪ್ಯಾಕೇಜ್ ಹಾಕುವ ಸಾಧನವಾದ ಆಪ್ಟ್ ಅದನ್ನು ಒಳಗೆ ಬಿಡುವುದಿಲ್ಲ.

ಈ ಪಂಥದ ಬಲವಾದ ವಾದ ನಿಧಾನದ್ದು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರ್ ಎಕ್ಸ್‌ಝಡ್ ಎಂಬ ಸಂಕುಚನ ಸಾಧನದೊಳಗೆ ಅಡಗಿಸಿಟ್ಟ ಹಿಂಬಾಗಿಲನ್ನು ಬಯಲಿಗೆ ತಂದರು. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದ್ದುದೇ ಅವರಿಗೆ ಸಿಕ್ಕ ಸುಳಿವು. ಆ ವಿಷ 5.6.0 ಮತ್ತು 5.6.1 ಆವೃತ್ತಿಗಳಲ್ಲಿತ್ತು. ಡೆಬಿಯನ್‌ನ ಪ್ರಯೋಗದ ಶಾಖೆಗಳಿಗೂ ಫೆಡೋರಾದ ಮುಂಬರುವ ಆವೃತ್ತಿಗೂ ಅದು ತಲುಪಿತ್ತು. ಸ್ಥಿರ ಡೆಬಿಯನ್ ಬಳಸುತ್ತಿದ್ದವರನ್ನು ಮುಟ್ಟಲಿಲ್ಲ. ಹೊಸದು ಹಣ್ಣಾಗಲು ಕಾಯುವ ಪದ್ಧತಿಯೇ ಅವರನ್ನು ಕಾಪಾಡಿತು.

ಇನ್ನೊಂದು ವಾದ ತೇಪೆಯದು. 2025ರ ಜನವರಿಯಲ್ಲಿ ಆರ್‌ಸಿಂಕ್‌ನಲ್ಲಿ ಒಟ್ಟು ಆರು ದೋಷಗಳು ಹೊರಬಿದ್ದವು. ಅವುಗಳಲ್ಲಿ ಅತಿ ಗಂಭೀರವಾದದ್ದಕ್ಕೆ ಹತ್ತಕ್ಕೆ 9.8 ಅಂಕದ ಅಪಾಯದ ಮಟ್ಟ ಕೊಟ್ಟಿದ್ದರು. ಬರೆದವರ ಪರಿಹಾರ 3.4.0 ಎಂಬ ಹೊಸ ಆವೃತ್ತಿ. ಅದರಿಂದ ಕೆಲವು ಕಡೆ ಹೊಸ ತೊಂದರೆ ತಲೆದೋರಿ, ಬೆನ್ನಿಗೇ 3.4.1 ಬಿಡಬೇಕಾಯಿತು. ಡೆಬಿಯನ್ 12 ಮಾತ್ರ ತನ್ನ 3.2.7ನ್ನೇ ಉಳಿಸಿಕೊಂಡು, ದೋಷಕ್ಕೆ ಬೇಕಾದಷ್ಟೇ ತಿದ್ದುಪಡಿಯನ್ನು ಅದಕ್ಕೆ ಹೊಲಿಯಿತು. ಆವೃತ್ತಿಯ ಸಂಖ್ಯೆ ನೋಡಿ ‘ಹಳೆಯದು, ಅಪಾಯ’ ಎಂದು ತೀರ್ಮಾನಿಸುವವರು ಈ ಹೊಲಿಗೆಯನ್ನು ಗಮನಿಸುವುದಿಲ್ಲ.

ಆದರೆ ಪಾಲಕರ ಕೈಯೂ ತಪ್ಪುತ್ತದೆ. 2006ರಲ್ಲಿ ಡೆಬಿಯನ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ಗೆ ಮಾಡಿದ ಒಂದು ಸಣ್ಣ ತಿದ್ದುಪಡಿ ಯಾದೃಚ್ಛಿಕ ಸಂಖ್ಯೆಗಳ ಮೂಲವನ್ನೇ ಬತ್ತಿಸಿತು. 2008ರ ಮೇ ತಿಂಗಳಲ್ಲಿ ಅದು ಪತ್ತೆಯಾಗುವವರೆಗೆ ಆ ಯಂತ್ರಗಳಲ್ಲಿ ತಯಾರಾದ ಕೀಲಿಗಳು ಊಹಿಸಬಹುದಾದಷ್ಟು ದುರ್ಬಲವಾಗಿದ್ದವು. ಅದೇ 2008ರಲ್ಲಿ ಅರಿಝೋನಾ ವಿಶ್ವವಿದ್ಯಾಲಯದ ಜಸ್ಟಿನ್ ಕ್ಯಾಪೊಸ್ ಮತ್ತು ಸಂಗಡಿಗರು, ಇಲ್ಲದ ಕಂಪನಿಯೊಂದರ ಹೆಸರಿನಲ್ಲಿ ಬಾಡಿಗೆ ಸರ್ವರ್ ಹಿಡಿದು ಹಲವು ಡಿಸ್ಟ್ರೊಗಳ ಅಧಿಕೃತ ಮಿರರ್ (ಭಂಡಾರದ ಪ್ರತಿ ಹಂಚುವ ಸರ್ವರ್) ಪಟ್ಟಿಗೆ ಸೇರಿಕೊಂಡು ತೋರಿಸಿದರು. ಸಹಿ ಸರಿಯಾಗಿರುವ, ಆದರೆ ಹಳೆಯದಾದ ಪಟ್ಟಿಯನ್ನೇ ಮತ್ತೆ ಮತ್ತೆ ಕೊಟ್ಟು ಬಳಕೆದಾರರನ್ನು ದೋಷವಿರುವ ಆವೃತ್ತಿಯಲ್ಲೇ ಹೆಪ್ಪುಗಟ್ಟಿಸಬಹುದು ಎಂಬುದು ಅವರ ಎಚ್ಚರಿಕೆ. ಸೂಚಿಪಟ್ಟಿ ಇಂತಿಷ್ಟು ದಿನಕ್ಕೆ ಸಿಂಧುತ್ವ ಕಳೆದುಕೊಳ್ಳುವ ವ್ಯವಸ್ಥೆ ಈಗ ಡೆಬಿಯನ್‌ನಲ್ಲಿದೆ.

ಬರೆದವರೇ ಕೊಡಲಿ ಎನ್ನುವವರು

ಈ ಪಂಥದ ದೂರು ಕೇಳಿದರೆ ಅಯ್ಯೋ ಎನಿಸುತ್ತದೆ. 2014ರಲ್ಲಿ ಓನ್‌ಕ್ಲೌಡ್‌ನವರು ಉಬುಂಟು ಮಂದಿಗೆ ಬರೆದು, ತಮ್ಮದೇ ತಂತ್ರಾಂಶವನ್ನು ಉಬುಂಟು ಭಂಡಾರದಿಂದ ತೆಗೆದುಹಾಕಿ ಎಂದು ಕೇಳಿಕೊಂಡರು. ಅಲ್ಲಿದ್ದ ಸರ್ವರ್ ಆವೃತ್ತಿ ಹಳತು. ಗೊತ್ತಿರುವ ಗಂಭೀರ ದೋಷಗಳು ಅದರಲ್ಲಿದ್ದವು. ಅದು ಯೂನಿವರ್ಸ್ ಎಂಬ ವಿಭಾಗದಲ್ಲಿತ್ತು. ಆ ವಿಭಾಗಕ್ಕೆ ಉಬುಂಟು ಭದ್ರತಾ ತಂಡದ ಹೊಣೆ ಇರಲಿಲ್ಲ, ಸಮುದಾಯದಲ್ಲಿ ಯಾರಾದರೂ ನೋಡಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಬಳಕೆದಾರರಿಗೆ ಈ ವ್ಯತ್ಯಾಸ ಎಲ್ಲಿ ತಿಳಿಯಬೇಕು? ‘ಭಂಡಾರದಿಂದ ಬಂದದ್ದು, ಸುರಕ್ಷಿತ’ ಎಂದು ಅವರು ನಂಬಿರುತ್ತಾರೆ. ಡಿಸ್ಟ್ರೊ ಪಂಥದವರು ಈ ಪ್ರಸಂಗವನ್ನು ಬೇಗ ಮರೆಯುತ್ತಾರೆ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ.

ಒನ್‌ಡ್ರೈವ್ ಎಂಬ ಕ್ಲೌಡ್ ಸೇವೆಗೆ ಲಿನಕ್ಸ್‌ನಲ್ಲಿ ಹೆಚ್ಚು ಬಳಕೆಯಾಗುವ ಮುಕ್ತ ಕ್ಲೈಂಟ್‌ನ ಕೈಪಿಡಿ ಇಂದಿಗೂ ಡೆಬಿಯನ್, ಉಬುಂಟುಗಳ ಭಂಡಾರದಲ್ಲಿರುವ ಹಳೆಯ ಪ್ಯಾಕೇಜ್ ಹಾಕಬೇಡಿ, ಓಪನ್‌ಸೂಸೆಯ ಕಟ್ಟುವ ಸೇವೆಯಿಂದ ಪಡೆಯಿರಿ ಎಂದು ಹೇಳುತ್ತದೆ. ಆರ್‌ಕ್ಲೋನ್‌ನದೂ ಇಂಥದೇ ಕಥೆ. ಉಬುಂಟು 22.04ರ ಭಂಡಾರದಲ್ಲಿರುವುದು 1.53 ಆವೃತ್ತಿ. ಅದೇ 2022ರಲ್ಲಿ ಗೂಗಲ್ ತನ್ನ ಹಳೆಯ ಅನುಮತಿ ವಿಧಾನವೊಂದನ್ನು ನಿಲ್ಲಿಸಿತು. ಪರದೆಯಿಲ್ಲದ ಸರ್ವರ್‌ನಲ್ಲಿ ಹಳೆಯ ಆರ್‌ಕ್ಲೋನ್‌ಗೆ ಗೂಗಲ್ ಖಾತೆ ಜೋಡಿಸಲು ಹೊರಟವರು ಅಲ್ಲೇ ಸಿಕ್ಕಿಕೊಂಡರು. ಪ್ರೋಗ್ರಾಂನಲ್ಲಿ ಯಾವ ದೋಷವೂ ಇರಲಿಲ್ಲ. ಎದುರಿನ ಸರ್ವರ್ ಮುಂದೆ ಹೋಗಿತ್ತು. ಸ್ಥಿರತೆ ಎಂಬ ಗುಣವೇ ಇಲ್ಲಿ ಕಾಲು ಹಿಡಿದೆಳೆಯಿತು.

ಬರೆದವರಿಂದಲೇ ಪಡೆಯುವುದರಲ್ಲಿ ಎರಡು ಬಗೆ ಇವೆ. ಕಂಪನಿ ತನ್ನದೇ ಭಂಡಾರ ತೆರೆದು, ನಾವು ಅದನ್ನು ಆಪ್ಟ್ ಅಥವಾ ಫೆಡೋರಾದ ಡಿಎನ್‌ಎಫ್‌ಗೆ ಸೇರಿಸಿಕೊಳ್ಳುವುದು ಒಂದು ಬಗೆ. ಸಿಂಕ್‌ಥಿಂಗ್, ಮೆಗಾ ಎಂಬ ಕ್ಲೌಡ್ ಸೇವೆ ಹೀಗೆ ಕೊಡುತ್ತವೆ. ಇಲ್ಲಿ ಎರಡು ಅಪಾಯಗಳನ್ನು ತಿಳಿದಿರಬೇಕು. ಪ್ಯಾಕೇಜ್ ಹಾಕುವಾಗ ಓಡುವ ಸ್ಕ್ರಿಪ್ಟ್ ರೂಟ್ ಅಧಿಕಾರದಲ್ಲಿ ಓಡುತ್ತದೆ. ಹಾಗೆಯೇ, ಆಪ್ಟ್-ಕೀ ಎಂಬ ಹಳೆಯ ಆಜ್ಞೆಯಿಂದ ಸೇರಿಸಿದ ಕೀಲಿಯನ್ನು ಆಪ್ಟ್ ಎಲ್ಲ ಭಂಡಾರಗಳಿಗೂ ಅನ್ವಯಿಸಿ ನಂಬುತ್ತದೆ. ಸಿಂಕ್ ಕಂಪನಿಯ ಕೀಲಿ ಕಳುವಾದರೆ ಕಳ್ಳ ನಮ್ಮ ಯಂತ್ರದ ಕರ್ನಲ್ ಪ್ಯಾಕೇಜನ್ನೇ ನಕಲು ಮಾಡಿ ಕೊಡಬಹುದು. ಅದಕ್ಕೇ ಆ ಆಜ್ಞೆಯನ್ನು ಕೈಬಿಟ್ಟು, ಪ್ರತಿ ಭಂಡಾರಕ್ಕೂ ಇಂಥದೇ ಕೀಲಿ ಎಂದು ಬರೆದಿಡುವ ಪದ್ಧತಿ ತಂದರು. ಹಳೆಯ ಕೈಪಿಡಿ ನೋಡಿ ಹಳೆಯ ಆಜ್ಞೆಯನ್ನೇ ಒತ್ತುವವರು ಈಗಲೂ ಇದ್ದಾರೆ.

ಎರಡನೆಯ ಬಗೆ ಡ್ರಾಪ್‌ಬಾಕ್ಸ್‌ನದು. ನಾವು ಹಾಕುವ ಸಣ್ಣ ಪ್ಯಾಕೇಜ್ ಬರೀ ಬಾಗಿಲು. ನಿಜವಾದ ಪ್ರೋಗ್ರಾಂ ಆಮೇಲೆ ಡೌನ್‌ಲೋಡ್ ಆಗಿ ಹೋಮ್ ಫೋಲ್ಡರಿನ ಒಳಗೆ ಡ್ರಾಪ್‌ಬಾಕ್ಸ್-ಡಿಸ್ಟ್ ಎಂಬ ಅಡಗಿದ ಜಾಗದಲ್ಲಿ ಕೂರುತ್ತದೆ, ಅಲ್ಲಿಂದ ತಾನೇ ಅಪ್‌ಡೇಟ್ ಆಗುತ್ತದೆ. ಸಹಿ ಪರೀಕ್ಷಿಸಲು ಬೇಕಾದ ಪೈಥಾನ್ ಜಿಪಿಜಿ ಪ್ಯಾಕೇಜ್ ಇಲ್ಲದಿದ್ದರೆ ‘ಸಹಿ ಪರೀಕ್ಷಿಸಲಾಗದು’ ಎಂದು ಒಂದು ಸಾಲು ಹೇಳಿ ಮುಂದೆ ಸಾಗುತ್ತದೆ. ಆ ಒಂದು ಪ್ಯಾಕೇಜನ್ನು ಮೊದಲೇ ಹಾಕಿಕೊಳ್ಳುವುದು ಎರಡು ನಿಮಿಷದ ಕೆಲಸ, ದಯವಿಟ್ಟು ಹಾಕಿಕೊಳ್ಳಿ. ಆರ್ಚ್ ಎಂಬ ಡಿಸ್ಟ್ರೊದ ಬಳಕೆದಾರರಲ್ಲಿ ಕೆಲವರು ಇನ್ನೂ ಮುಂದೆ ಹೋಗಿ, ಆ ಅಡಗು ಫೋಲ್ಡರನ್ನು ಅಳಿಸಿ, ಅದೇ ಹೆಸರಿನಲ್ಲಿ ಯಾರೂ ಬರೆಯಲಾಗದ ಖಾಲಿ ಫೋಲ್ಡರ್ ಮಾಡಿಟ್ಟು ತಾನಾಗಿ ಅಪ್‌ಡೇಟ್ ಆಗುವುದನ್ನೇ ತಡೆಯುತ್ತಾರೆ.

ತಾನಾಗಿ ಅಪ್‌ಡೇಟ್ ಆಗುವುದರ ಪರವಾಗಿಯೂ ಗಟ್ಟಿ ಪುರಾವೆ ಇದೆ. 2014ರ ಅಕ್ಟೋಬರ್‌ನಲ್ಲಿ ಡ್ರಾಪ್‌ಬಾಕ್ಸ್‌ನ ಕೆಲವು ಹಳೆಯ ಆವೃತ್ತಿಗಳಲ್ಲಿ, ಆಯ್ದ ಫೋಲ್ಡರ್‌ಗಳನ್ನಷ್ಟೇ ಸಿಂಕ್ ಮಾಡುವ ಸೌಲಭ್ಯದ ದೋಷದಿಂದ ಕೆಲವರ ಕಡತಗಳು ಅಳಿಸಿಹೋದ ಸಂಗತಿ ಹೊರಬಂತು. ಕಂಪನಿ ದೋಷ ತಿದ್ದಿದ್ದಲ್ಲದೆ, ಆ ಹಳೆಯ ಆವೃತ್ತಿಗಳು ಎಲ್ಲೂ ಓಡದಂತೆ ಮಾಡಿತು. ಕಡತ ನುಂಗುವ ಆವೃತ್ತಿಯನ್ನು ಜಗತ್ತಿನಿಂದಲೇ ಹಿಂದಕ್ಕೆ ಪಡೆಯುವ ಆ ಶಕ್ತಿ ಡಿಸ್ಟ್ರೊ ಪದ್ಧತಿಗಿಲ್ಲ. 2018ರಲ್ಲಿ ಬಳಕೆದಾರರನ್ನು ಮೂಲೆಗೆ ಒತ್ತಿದ್ದೂ ಇದೇ ಶಕ್ತಿ.

ಈ ಶಕ್ತಿ ಕಳ್ಳರ ಕೈಗೆ ಸಿಕ್ಕರೆ ಏನಾದೀತು ಎಂಬುದಕ್ಕೆ 2018ರ ಸೆಪ್ಟೆಂಬರ್ 4ರ ಘಟನೆ ನೋಡಬಹುದು. ಮೆಗಾದ ಕ್ರೋಮ್ ವಿಸ್ತರಣೆಯ ಜಾಗದಲ್ಲಿ ಯಾರೋ ವಿಷ ಬೆರೆಸಿದ ಆವೃತ್ತಿಯನ್ನು ಏರಿಸಿದರು. ತಾನಾಗಿ ಅಪ್‌ಡೇಟ್ ಆಗಲು ಬಿಟ್ಟು, ಅದು ಕೇಳಿದ ಹೊಸ ಅನುಮತಿಗೆ ಒಪ್ಪಿದವರ ಪಾಸ್‌ವರ್ಡ್‌ಗಳು ಅಪಾಯಕ್ಕೆ ಒಡ್ಡಿಕೊಂಡವು. ಸುಮಾರು ನಾಲ್ಕು ಗಂಟೆಯಲ್ಲಿ ಶುದ್ಧ ಆವೃತ್ತಿ ಬಂತು. ಪ್ರಕಾಶಕರು ತಾವೇ ಸಹಿ ಹಾಕುವ ಅವಕಾಶವನ್ನು ಕ್ರೋಮ್ ಅಂಗಡಿ ಕೊಡದಿದ್ದುದರಿಂದ ಹೊರಗಿನ ದಾಳಿಗೆ ಇದ್ದ ಒಂದು ಅಡ್ಡಿ ಇಲ್ಲವಾಗಿತ್ತು ಎಂದು ಮೆಗಾ ಹೇಳಿತು. ಸಿಂಕ್‌ಥಿಂಗ್ ತನ್ನ ಅಪ್‌ಡೇಟ್‌ಗಳಿಗೆ ಪ್ರತ್ಯೇಕ ಸಹಿ ಹಾಕಿ, ಕ್ಲೈಂಟ್ ಅದನ್ನು ಪರೀಕ್ಷಿಸಿದ ಮೇಲಷ್ಟೇ ಬದಲಾಗುವಂತೆ ಇಟ್ಟಿದೆ. ಡಿಸ್ಟ್ರೊ ಪ್ಯಾಕೇಜಿನಲ್ಲಿ ಬರುವ ಸಿಂಕ್‌ಥಿಂಗ್‌ನಲ್ಲಿ ಈ ಸ್ವಯಂ ಅಪ್‌ಡೇಟ್ ಭಾಗವನ್ನು ಕಟ್ಟುವಾಗಲೇ ತೆಗೆದುಹಾಕುವ ವಾಡಿಕೆ ಇದೆ. ಒಂದೇ ತಂತ್ರಾಂಶ ಎರಡು ಪಂಥಗಳಿಗೂ ಬೇಕಾದ ಹಾಗೆ ನಡೆದುಕೊಳ್ಳಬಹುದು ಎಂಬುದಕ್ಕೆ ಇದು ಒಳ್ಳೆಯ ಮಾದರಿ.

ಗೋಡೆ ಕಟ್ಟಿ ಒಳಗಿಡುವ ದಾರಿ

ಎರಡು ಪಂಥಗಳ ಜಗಳದ ನಡುವೆ ಮೂರನೆಯ ದಾರಿ ತೆರೆಯಿತು. ಪ್ರೋಗ್ರಾಂ ತನಗೆ ಬೇಕಾದ ಲೈಬ್ರರಿಗಳನ್ನೆಲ್ಲ ಹೊತ್ತು ತರಲಿ, ಯಾವ ಡಿಸ್ಟ್ರೊದಲ್ಲಾದರೂ ಓಡಲಿ, ಸಾಧ್ಯವಾದರೆ ಗೋಡೆಯ ಒಳಗಿರಲಿ ಎಂಬ ವಿಚಾರ ಅದು. 2016ರ ಉಬುಂಟು 16.04ರ ಜೊತೆಗೆ ಸ್ನ್ಯಾಪ್ ಬಂತು. ಅದೇ ವರ್ಷ ಎಕ್ಸ್‌ಡಿಜಿ-ಆಪ್ ಎಂಬ ಯೋಜನೆ ಫ್ಲಾಟ್‌ಪ್ಯಾಕ್ ಎಂದು ಹೆಸರು ಬದಲಿಸಿಕೊಂಡಿತು. ಆಪ್‌ಇಮೇಜ್‌ನ ಬೇರು 2004ರ ಕ್ಲಿಕ್ ಎಂಬ ಪ್ರಯೋಗದಲ್ಲಿದೆ. ನೆಕ್ಸ್ಟ್‌ಕ್ಲೌಡ್ ತನ್ನ ಲಿನಕ್ಸ್ ಡೆಸ್ಕ್‌ಟಾಪ್ ಕ್ಲೈಂಟನ್ನು ಅಧಿಕೃತವಾಗಿ ಕೊಡುವುದು ಆಪ್‌ಇಮೇಜ್ ರೂಪದಲ್ಲೇ. ಡೌನ್‌ಲೋಡ್ ಮಾಡಿ, ಓಡಿಸುವ ಅನುಮತಿ ಕೊಟ್ಟು, ಡಬಲ್ ಕ್ಲಿಕ್ ಮಾಡಿದರೆ ಆಯಿತು. ಆದರೆ ಉಬುಂಟು 22.04ರಲ್ಲಿ ಇದಕ್ಕೆ ಬೇಕಾದ ಹಳೆಯ ಫ್ಯೂಸ್ 2 ಲೈಬ್ರರಿ ಜೊತೆಗೆ ಬರದೆ, ಕ್ಲಿಕ್ ಮಾಡಿದವರಿಗೆ ಏನೂ ಆಗದೆ ಪೇಚಾಟವಾಯಿತು.

ಸ್ನ್ಯಾಪ್ ದಿನಕ್ಕೆ ನಾಲ್ಕು ಸಲ ಹೊಸತಿಗಾಗಿ ತಡಕುತ್ತದೆ. ಬಹುಕಾಲ ಅದನ್ನು ಪೂರ್ತಿ ನಿಲ್ಲಿಸುವ ನೇರ ದಾರಿ ಇರಲಿಲ್ಲ. 2022ರ ಕೊನೆಗೆ ತಡೆಹಿಡಿಯುವ ಆಯ್ಕೆ ಬಂತು. ಸ್ನ್ಯಾಪ್‌ನ ಒಂದು ಗುಣವನ್ನು ಮಾತ್ರ ಮೆಚ್ಚಲೇಬೇಕು. ಅಪ್‌ಡೇಟ್‌ಗೆ ಮುಂಚೆ ಪ್ರೋಗ್ರಾಂನ ಹಳೆಯ ರೂಪವನ್ನೂ ಅದರ ಒಳಗಿನ ದತ್ತಾಂಶವನ್ನೂ ತೆಗೆದಿಟ್ಟುಕೊಂಡು, ಬೇಕೆಂದರೆ ಎರಡನ್ನೂ ಒಟ್ಟಿಗೆ ಹಿಂದಕ್ಕೆ ತಿರುಗಿಸುತ್ತದೆ. ಸಿಂಕ್ ತಂತ್ರಾಂಶಕ್ಕೆ ಇದು ಬಹಳ ದೊಡ್ಡ ವಿಷಯ.

ಗೋಡೆಯ ಮಾತಿಗೆ ಬಂದರೆ, ಸಿಂಕ್ ತಂತ್ರಾಂಶದ ಎದುರು ಗೋಡೆ ತೆಳ್ಳಗಾಗುತ್ತದೆ. ಇಡೀ ಹೋಮ್ ಫೋಲ್ಡರನ್ನು ಸಿಂಕ್ ಮಾಡಬೇಕಾದ ಪ್ರೋಗ್ರಾಂಗೆ ಇಡೀ ಹೋಮ್ ಫೋಲ್ಡರಿನ ಅನುಮತಿ ಕೊಡಲೇಬೇಕು. ಕೊಟ್ಟ ಮೇಲೆ ಉಳಿಯುವ ಗೋಡೆ ಯಾವುದನ್ನು ಕಾಯುತ್ತದೆ? ಸಿಸ್ಟಮ್ ಕಡತಗಳನ್ನು. ಅವು ಹೋದರೆ ಮತ್ತೆ ಇನ್‌ಸ್ಟಾಲ್ ಮಾಡಬಹುದು. ಮಗಳ ಬಾಲ್ಯದ ಫೋಟೋಗಳನ್ನು ಹಾಗೆ ತರಲಾಗದು. ಒಂದೇ ಫೋಲ್ಡರಿಗೆ ಅನುಮತಿ ಕೊಟ್ಟು ಅಷ್ಟನ್ನೇ ಸಿಂಕ್ ಮಾಡುವವರಿಗೆ ಮಾತ್ರ ಫ್ಲಾಟ್‌ಪ್ಯಾಕ್‌ನ ಗೋಡೆ ನಿಜವಾಗಿ ಕೆಲಸ ಮಾಡುತ್ತದೆ.

ಅಂಗಡಿಯಲ್ಲಿರುವುದು ಯಾರದು ಎಂಬುದೂ ನೋಡಬೇಕಾದ ಸಂಗತಿ. ಫ್ಲಾಟ್‌ಪ್ಯಾಕ್‌ಗಳ ಅಂಗಡಿಯಾದ ಫ್ಲಾಟ್‌ಹಬ್‌ನಲ್ಲಿರುವ ಡ್ರಾಪ್‌ಬಾಕ್ಸ್ ಸಮುದಾಯದವರು ಕಟ್ಟಿದ ಹೊದಿಕೆ, ಕಂಪನಿಯದಲ್ಲ. ಫ್ಲಾಟ್‌ಹಬ್ 2023ರಿಂದ ಮೂಲ ಪ್ರಕಾಶಕರ ಆಪ್‌ಗಳಿಗೆ ಪರಿಶೀಲಿತ ಎಂಬ ಗುರುತು ಕೊಡುತ್ತಿದೆ. ಅಂಗಡಿಯಲ್ಲಿದ್ದ ಮಾತ್ರಕ್ಕೆ ನಂಬಲಾಗದು: 2018ರ ಮೇ ತಿಂಗಳಲ್ಲಿ ಸ್ನ್ಯಾಪ್ ಅಂಗಡಿಯ ಒಂದು ಆಟದೊಳಗೆ ಕ್ರಿಪ್ಟೋ ಗಣಿಗಾರಿಕೆಯ ಕೋಡ್ ಸಿಕ್ಕಿತ್ತು.

ನೇರವಾಗಿ ತಂದು ಓಡಿಸುವವರು

ಇದನ್ನು ಪಂಥ ಎನ್ನುವುದಕ್ಕಿಂತ ಅಭ್ಯಾಸ ಎನ್ನಬೇಕು. ಕರ್ಲ್ ಎಂಬ ಸಾಧನದಿಂದ ತಂದ ಸ್ಕ್ರಿಪ್ಟನ್ನು ಓದದೆ, ರೂಟ್ ಅಧಿಕಾರದಲ್ಲಿ ಓಡಿಸಲು ಸುಡೊ ಬ್ಯಾಶ್‌ಗೆ ಒಪ್ಪಿಸುವುದು, ಆರ್ಚ್‌ನ ಬಳಕೆದಾರ ಭಂಡಾರದಿಂದ ಕಣ್ಣು ಮುಚ್ಚಿ ಕಟ್ಟಿಕೊಳ್ಳುವುದು ಇಲ್ಲಿ ಬರುತ್ತವೆ. ಆರ್‌ಕ್ಲೋನ್ ಕೂಡ ಇಂಥ ಒಂದು ಸಾಲಿನ ಸ್ಥಾಪನೆಯನ್ನು ಕೊಡುತ್ತದೆ. ‘ಆ ಪ್ರೋಗ್ರಾಂ ಅನ್ನೇ ನಂಬುತ್ತೀರಿ, ಅದೇ ಜಾಗದ ಸ್ಕ್ರಿಪ್ಟನ್ನು ನಂಬಲು ಏನು ಅಡ್ಡಿ?’ ಎಂದು ಸಮರ್ಥಿಸುವವರಿದ್ದಾರೆ. ಆ ವಾದದ ಬಿರುಕು 2016ರ ಫೆಬ್ರವರಿ 20ರಂದು ಕಂಡಿತು. ಲಿನಕ್ಸ್ ಮಿಂಟ್ ಎಂಬ ಡಿಸ್ಟ್ರೊದ ಜಾಲತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನು ಹಿಂಬಾಗಿಲಿರುವ ನಕಲಿಗೆ ತಿರುಗಿಸಿದರು. ತಾಣವನ್ನು ಹಿಡಿದವರು ಅದೇ ತಾಣದಲ್ಲಿ ಬರೆದಿಟ್ಟ ಹ್ಯಾಶ್ ಸಂಖ್ಯೆಯನ್ನೂ ಬದಲಿಸಬಲ್ಲರು. ಬೇರೆ ಕಡೆಯಿಂದ ಮೊದಲೇ ಪಡೆದಿಟ್ಟ ಕೀಲಿಯಿಂದ ಸಹಿ ಪರೀಕ್ಷಿಸಿದವರಿಗೆ ಮಾತ್ರ ರಕ್ಷಣೆ. 2018ರ ಜುಲೈನಲ್ಲಿ ಆರ್ಚ್ ಬಳಕೆದಾರ ಭಂಡಾರದಲ್ಲಿ ದಿಕ್ಕಿಲ್ಲದೆ ಬಿದ್ದಿದ್ದ ಪ್ಯಾಕೇಜನ್ನು ದತ್ತು ತೆಗೆದುಕೊಂಡವನೊಬ್ಬ ಅದಕ್ಕೆ ವಿಷ ಸೇರಿಸಿದ. 2025ರ ಜುಲೈನಲ್ಲಿ ಬ್ರೌಸರ್ ತೇಪೆಗಳ ಸೋಗಿನಲ್ಲಿ ಮೂರು ವಿಷಪೂರಿತ ಪ್ಯಾಕೇಜುಗಳು ಅಲ್ಲೇ ಕಾಣಿಸಿಕೊಂಡವು.

ಸಿಂಕ್‌ಗೇ ಅಂಟಿದ ತೊಡಕುಗಳು, ಕನ್ನಡದ ಹೆಸರುಗಳೂ

ಮೇಲಿನ ಪಂಥಗಳೆಲ್ಲ ಪ್ರೋಗ್ರಾಂ ಎಲ್ಲಿಂದ ಬಂತು ಎಂದು ಕೇಳುತ್ತವೆ. ಸಿಂಕ್‌ನ ವಿಷಯದಲ್ಲಿ ಅದು ಅರ್ಧ ಪ್ರಶ್ನೆ. ಶುದ್ಧ ಮೂಲದಿಂದ, ಸರಿಯಾದ ಸಹಿಯೊಡನೆ ಬಂದ ಆವೃತ್ತಿಯೂ ಕಡತಗಳನ್ನು ತಪ್ಪಾಗಿ ಅರ್ಥಮಾಡಿಕೊಳ್ಳಬಹುದು.

ಕನ್ನಡಿಗರಿಗೆ ಇದು ಮನೆಯ ಅನುಭವ. ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ದಿನ ‘ಲೇಖನಗಳು’ ಎಂಬ ಫೋಲ್ಡರ್ ಎರಡಾಗಿ ಕೂತಿತ್ತು. ಹೆಸರು ಒಂದೇ, ಅಕ್ಷರ ಒಂದೇ, ಒಳಗಿನ ಕಡತಗಳು ಮಾತ್ರ ಹರಿದು ಹಂಚಿಹೋಗಿದ್ದವು. ಯುನಿಕೋಡ್‌ನಲ್ಲಿ ‘ಲೇ’ ಎಂಬುದರ ಏತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು; ಎತ್ವ ಮತ್ತು ದೀರ್ಘದ ಗುರುತು ಎಂದು ಎರಡಾಗಿ ಒಡೆದೂ ಬರೆಯಬಹುದು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಒಡೆದು ಇಡುತ್ತಿತ್ತು. ಲಿನಕ್ಸ್‌ನಲ್ಲಿ ಹೆಸರೆಂದರೆ ಬರೀ ಬೈಟ್‌ಗಳ ಸಾಲು. ಎರಡು ಬಗೆಯ ‘ಲೇ’ ಅದಕ್ಕೆ ಎರಡು ಬೇರೆ ಹೆಸರುಗಳು. ಈತ್ವ, ಏತ್ವ, ಐತ್ವ, ಒತ್ವ, ಓತ್ವ ಇರುವ ಯಾವ ಹೆಸರಿಗೂ ಈ ಗತಿ ಬರಬಹುದು. ಹೆಸರನ್ನು ಒಂದೇ ರೂಪಕ್ಕೆ ತರುವ ಜವಾಬ್ದಾರಿ ಸಿಂಕ್ ತಂತ್ರಾಂಶದ ಮೇಲೆ ಬೀಳುತ್ತದೆ. ಸಿಂಕ್‌ಥಿಂಗ್‌ನಲ್ಲಿ ಅದಕ್ಕೊಂದು ಆಯ್ಕೆಯೇ ಇದೆ. ಕ್ಲೈಂಟ್ ಬದಲಿಸುವ ಮುನ್ನ ಕನ್ನಡ ಹೆಸರಿನ ಹತ್ತಿಪ್ಪತ್ತು ಕಡತಗಳ ಮೇಲೆ ಪ್ರಯೋಗ ಮಾಡಿ ನೋಡುವುದು ಒಳ್ಳೆಯದು.

ಉದ್ದದ ಲೆಕ್ಕವೂ ಇದೆ. ಇಎಕ್ಸ್‌ಟಿ4ರಲ್ಲಿ ಒಂದು ಹೆಸರಿಗೆ 255 ಬೈಟ್‌ಗಳಷ್ಟೇ ಜಾಗ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಹಾಗಾಗಿ 85 ಸಂಕೇತಗಳಿಗೆ ಹೆಸರು ಮುಗಿಯುತ್ತದೆ. ‘ಕ್ಷೇತ್ರ’ ಎಂಬ ಎರಡಕ್ಷರದ ಪದಕ್ಕೇ 21 ಬೈಟ್. ಉಬುಂಟು ಹಿಂದೆ ಹೋಮ್ ಫೋಲ್ಡರ್ ಬೀಗಕ್ಕೆ ಬಳಸುತ್ತಿದ್ದ ಇಕ್ರಿಪ್ಟ್‌ಎಫ್‌ಎಸ್‌ನಲ್ಲಿ ಮಿತಿ ಸುಮಾರು 143 ಬೈಟ್‌ಗೆ ಇಳಿಯುತ್ತಿತ್ತು; ಅಂದರೆ 47 ಸಂಕೇತ. ಎರಡು ಯಂತ್ರಗಳಲ್ಲಿ ಒಂದೇ ಕಡತ ಬದಲಾದಾಗ ಸಿಂಕ್ ತಂತ್ರಾಂಶ ಹೆಸರಿಗೆ ದಿನಾಂಕ, ಸಮಯ ಅಂಟಿಸಿ ಸಂಘರ್ಷದ ಪ್ರತಿ ಮಾಡುತ್ತದೆ. ಮೊದಲೇ ಉದ್ದವಾದ ಕನ್ನಡದ ಹೆಸರಿಗೆ ಆ ಬಾಲ ಸೇರಿದರೆ ಮಿತಿ ಮೀರುತ್ತದೆ. ಕಡತ ಉಳಿಸಲು ಇರುವ ವ್ಯವಸ್ಥೆ ಕಾಲು ಜಾರುವುದು ಸರಿಯಾಗಿ ಅಂಥ ಹೊತ್ತಿನಲ್ಲೇ.

ಕರ್ನಲ್ ಕಡೆಯಿಂದಲೂ ಒಂದು ಮಿತಿ ಇತ್ತು. ಕಡತ ಬದಲಾದುದನ್ನು ತಿಳಿಸುವ ಐನೋಟಿಫೈ ವ್ಯವಸ್ಥೆ ಹಿಂದೆ ಒಬ್ಬ ಬಳಕೆದಾರನಿಗೆ 8192 ಕಾವಲುಗಳನ್ನಷ್ಟೇ ಕೊಡುತ್ತಿತ್ತು. ಫೋಲ್ಡರ್‌ಗಳು ಅದನ್ನು ಮೀರಿದರೆ ಬದಲಾವಣೆಗಳು ಗಮನಕ್ಕೇ ಬಾರದೆ ಹೋಗುತ್ತಿದ್ದವು. 5.11 ಕರ್ನಲ್‌ನಿಂದ ಯಂತ್ರದ ಮೆಮೊರಿಗೆ ತಕ್ಕಂತೆ ಈ ಮಿತಿ ಏರುತ್ತದೆ.

ಇಷ್ಟನ್ನು ನೋಡಿದ ಮೇಲೆ ನನ್ನ ನಿಲುವು ಹೀಗಿದೆ. ದೂರದ ಕಂಪನಿಯ ಸರ್ವರಿಗೆ ಕಟ್ಟುಬೀಳದ ಆರ್‌ಸಿಂಕ್, ಯುನಿಸನ್‌ಗಳನ್ನು ಡಿಸ್ಟ್ರೊದಿಂದಲೇ ಪಡೆಯಬೇಕು. ಎದುರಿನ ಸರ್ವರ್ ಓಡುತ್ತಲೇ ಇರುವ ಕಡೆ ಬರೆದವರ ಸಹಿಯಿರುವ ಭಂಡಾರವೇ ಮೇಲು. ಕೀಲಿಯನ್ನು ಆ ಭಂಡಾರಕ್ಕಷ್ಟೇ ಕಟ್ಟಿಹಾಕಬೇಕು. ಕ್ಲೈಂಟನ್ನು ಎಂದಿಗೂ ರೂಟ್ ಆಗಿ ಓಡಿಸಬಾರದು, ಬಳಕೆದಾರನ ಸೇವೆಯಾಗಿ ಓಡಿಸಬೇಕು. ದೊಡ್ಡ ಅಪ್‌ಡೇಟ್‌ಗೆ ಮುನ್ನ ಸಿಂಕ್ ನಿಲ್ಲಿಸಿ, ಸಿಂಕ್‌ಗೆ ಸೇರದ ಬೇರೊಂದು ಡಿಸ್ಕಿನಲ್ಲಿ ಪ್ರತಿ ಇಟ್ಟು, ಒಂದೇ ಯಂತ್ರದಲ್ಲಿ ಮೊದಲು ಹೊಸ ಆವೃತ್ತಿ ಓಡಿಸಿ ಒಂದು ದಿನ ನೋಡಬೇಕು. ನೆಕ್ಸ್ಟ್‌ಕ್ಲೌಡ್ ಸರ್ವರನ್ನು ಸ್ವಂತ ಇಟ್ಟುಕೊಂಡವರು ಪ್ರಧಾನ ಆವೃತ್ತಿಗಳನ್ನು ಹಾರಿಸದೆ ಒಂದೊಂದೇ ಮೆಟ್ಟಿಲು ಹತ್ತಬೇಕು. ಸಿಂಕ್ ಇದೆ ಎಂದು ಬ್ಯಾಕಪ್ ಬಿಟ್ಟವರ ಬಗ್ಗೆ ನನಗೆ ನಿಜಕ್ಕೂ ಆತಂಕ. ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುವುದು ಸಿಂಕ್‌ನ ಧರ್ಮ.

ಇನ್ನೂ ಇತ್ಯರ್ಥವಾಗದ್ದು

ಭದ್ರತೆಯ ತಿದ್ದುಪಡಿಯನ್ನು ಹೊಸ ಸೌಲಭ್ಯಗಳಿಂದ ಬಿಡಿಸಿ ಕೊಡಬೇಕೆಂಬ ಬೇಡಿಕೆ ಹಳೆಯದು. ಡಿಸ್ಟ್ರೊಗಳು ಹೊಲಿಗೆಯ ಮೂಲಕ ಅದನ್ನು ಮಾಡುತ್ತವೆ. ಸಿಂಕ್ ಕಂಪನಿಗಳು ಹೆಚ್ಚಾಗಿ ಎರಡನ್ನೂ ಒಂದೇ ಮೂಟೆಯಲ್ಲಿ ಕಳಿಸುತ್ತವೆ. 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಯುರೋಪಿನ ಸೈಬರ್ ರೆಸಿಲಿಯೆನ್ಸ್ ಕಾಯ್ದೆ, ಸಾಧ್ಯವಿರುವಲ್ಲಿ ಭದ್ರತಾ ಅಪ್‌ಡೇಟ್ ತಾನಾಗಿ ಆಗುವಂತಿರಬೇಕು, ಬೇಡವೆನ್ನುವ ದಾರಿಯೂ ಸುಲಭವಾಗಿರಬೇಕು ಎನ್ನುತ್ತದೆ. ಅದರ ಮುಖ್ಯ ಹೊಣೆಗಾರಿಕೆಗಳು 2027ರ ಡಿಸೆಂಬರ್‌ನಿಂದ ಅನ್ವಯವಾಗುತ್ತವೆ. ಒಂದು ಕ್ಲೈಂಟನ್ನು ಬಿಡುವಿನ ವೇಳೆಯಲ್ಲಿ ಒಬ್ಬರೇ ನಡೆಸುತ್ತಿರುವಾಗ, ಕಂಪನಿಯೊಂದು ಅದನ್ನು ತನ್ನ ಉತ್ಪನ್ನಕ್ಕೆ ಸೇರಿಸಿಕೊಂಡರೆ ಹೊಣೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಆಚರಣೆಯಲ್ಲಿ ಇನ್ನೂ ಪರೀಕ್ಷೆಗೆ ಒಳಗಾಗಿಲ್ಲ.

ಕೆಲಸ ಬಿಟ್ಟವರ ಜಾಗ ಯಾರು ತುಂಬಬೇಕು ಎಂಬುದೂ ಹಾಗೆಯೇ ಉಳಿದಿದೆ. ಸಿಂಕ್‌ಥಿಂಗ್‌ನ ಅಧಿಕೃತ ಆಂಡ್ರಾಯ್ಡ್ ಆಪ್ 2024ರ ಕೊನೆಗೆ ನಿಂತುಹೋಯಿತು. ಪ್ಲೇ ಸ್ಟೋರ್‌ನಲ್ಲಿ ಪ್ರಕಟಿಸುವ ಕಷ್ಟ ಒಂದು ಕಾರಣ, ಪಾಲನೆಗೆ ಉತ್ಸಾಹ ಉಳಿಯದಿದ್ದುದು ಇನ್ನೊಂದು. ಬಳಕೆದಾರರು ಕವಲೊಡೆದ ಬೇರೆ ಆಪ್‌ಗಳತ್ತ ಹೊರಟರು. ಎಕ್ಸ್‌ಝಡ್‌ಗೆ ಹಿಂಬಾಗಿಲು ಇಟ್ಟವನೂ ದಣಿದ ಪಾಲಕರಿಗೆ ನೆರವಾಗಲು ಬಂದವನಂತೆಯೇ ಒಳಗೆ ಸೇರಿದ್ದ. ಹೊಸ ಪಾಲಕರ ಸಹಿ ಸರಿಯಾಗಿದೆ ಎಂದು ಯಂತ್ರ ಹೇಳಬಲ್ಲದು. ಅವರು ಎಂಥವರು ಎಂಬುದನ್ನು ಹೇಳುವ ಉಪಾಯ ಯಾರ ಬಳಿಯೂ ಇಲ್ಲ. ಯಾರು ಕಟ್ಟಿದರೂ ಅದೇ ಬೈಟ್‌ಗಳು ಬರುವಂತೆ ಮಾಡುವ ಮರುನಿರ್ಮಾಣದ ಪ್ರಯತ್ನ ಡೆಬಿಯನ್‌ನಲ್ಲಿ 2013ರಿಂದ ನಡೆದಿದೆ. ಮೂಲ ಸಂಕೇತವನ್ನು ತೋರಿಸದ ಡ್ರಾಪ್‌ಬಾಕ್ಸ್‌ನಂಥ ಕ್ಲೈಂಟ್‌ಗಳನ್ನು ಅದು ಮುಟ್ಟುವುದಿಲ್ಲ.

ಕೊನೆಗೆ, ಹಿಂದಕ್ಕೆ ಹೋಗುವ ದಾರಿ. 2025ರ ಆಗಸ್ಟ್‌ನಲ್ಲಿ ಬಂದ ಸಿಂಕ್‌ಥಿಂಗ್ 2.0 ತನ್ನ ಒಳಗಿನ ದತ್ತಸಂಚಯವನ್ನು ಲೆವೆಲ್‌ಡಿಬಿಯಿಂದ ಎಸ್‌ಕ್ಯೂಲೈಟ್‌ಗೆ ಬದಲಿಸಿತು. ಮೊದಲ ಸಲ ಶುರುವಾದಾಗ ಹಳೆಯದನ್ನೆಲ್ಲ ಹೊಸ ರೂಪಕ್ಕೆ ತರುತ್ತದೆ. ಕಡತಗಳು ಹೆಚ್ಚಿದ್ದರೆ ಬಹಳ ಹೊತ್ತು ಹಿಡಿಯುತ್ತದೆ. ಪ್ರೋಗ್ರಾಂ ಅನ್ನು ಹಿಂದಿನ ಆವೃತ್ತಿಗೆ ತಿರುಗಿಸಬಹುದು, ಅದರ ಲೆಕ್ಕದ ಪುಸ್ತಕವನ್ನೂ ಪ್ರಯಾಸಪಟ್ಟು ತಿರುಗಿಸಬಹುದು. ಆದರೆ ಅಷ್ಟರಲ್ಲಿ ಉಳಿದ ಯಂತ್ರಗಳು ಹೊಸ ಆವೃತ್ತಿಯಲ್ಲಿ ಒಪ್ಪಿಕೊಂಡ ಬದಲಾವಣೆಗಳನ್ನು ಒಂದು ಯಂತ್ರದ ಹಳೆಯ ಪುಸ್ತಕ ಅರಿಯುವುದಿಲ್ಲ. ಒಂದು ಯಂತ್ರದ ಮಟ್ಟಿಗೆ ಸ್ನ್ಯಾಪ್ ಬಿಡಿಸಿದ ಈ ಗಂಟನ್ನು, ಹಲವು ಯಂತ್ರಗಳು ಒಟ್ಟಿಗೆ ಹಿಂದೆ ಸರಿಯುವಂತೆ ಬಿಡಿಸಿ ಕೊಟ್ಟ ಸಿಂಕ್ ತಂತ್ರಾಂಶವನ್ನು ನಾನು ಇದುವರೆಗೆ ಕಂಡಿಲ್ಲ.